ಕಸ್ತೂರಿಯ ಗುರುತು

ನಮ್ಮೂರಿನಲ್ಲಿ ಯಾರಾದರೂ ಅಕಾಲಕ್ಕೆ ಸತ್ತರೆ ನೆರೆಹೊರೆಯವರು ಮೊದಲು ತರುವುದು ಊಟವನ್ನಲ್ಲ, ಒದ್ದೆ ಬಟ್ಟೆಯನ್ನು. ಸತ್ತವರ ಮನೆಯವರು ಅದನ್ನು ಕಣ್ಣಿಗೆ ಒತ್ತಿಕೊಂಡು ಕೂರುತ್ತಾರೆ. ಗೋಡೆಯ ಮೇಲೆ ಗುರುತು ಬೀಳುವ ತನಕ ಇಲ್ಲಿ ಕಣ್ಣೀರು ಬರುವುದಿಲ್ಲ. ಸತ್ತವರನ್ನು ಬಲ್ಲ ಯಾರಿಗೂ ಬರುವುದಿಲ್ಲ. ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಎದೆ ಒಡೆಯುವಂತಾಗುತ್ತದೆ, ಆದರೆ ಒಂದು ಹನಿಯೂ ಇಳಿಯುವುದಿಲ್ಲ. ಬೀದಿಗೆ ಮುಖ ಮಾಡಿದ ಗೋಡೆಗೆ ಸುಣ್ಣ ಹೊಡೆದು, ಆ ಸಾವಿಗೆ ಒಪ್ಪುವ ಗುರುತನ್ನು ಬರೆದ ಮೇಲೆಯೇ ಕಣ್ಣು ಬಿಡುವುದು.

ಆ ಗುರುತು ಬರೆಯುವವಳು ನಾನು. ಹೆಸರು ಸಾವಂತ್ರಿ. ಮೊದಲು ನಮ್ಮ ಮಾವ ಬರೆಯುತ್ತಿದ್ದರು, ಆಮೇಲೆ ನನ್ನ ಗಂಡ, ಗಂಡ ಹೋದ ಮೇಲೆ ಕುಂಚ ನನ್ನ ಕೈಗೆ ಬಂತು. ಹೆಂಗಸು ಬರೆದ ಗುರುತಿಗೆ ಅಳು ಬರುತ್ತದೋ ಇಲ್ಲವೋ ಎಂದು ಊರ ಹಿರಿಯರು ಗಡ್ಡ ಕೆರೆದುಕೊಂಡಿದ್ದರು. ನಾನು ಬರೆದ ಮೊದಲ ಗುರುತು ನನ್ನ ಗಂಡನದೇ. ಅದರ ಕೊನೆಯ ಗೆರೆ ಎಳೆಯುವಷ್ಟರಲ್ಲಿ ನಮ್ಮತ್ತೆ ಚಂಪವ್ವ ಬೀದಿಯಲ್ಲಿ ಹೊರಳಾಡಿ ಅತ್ತಳು. ಗಡ್ಡ ಕೆರೆದುಕೊಂಡವರೂ ಅತ್ತರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಗುರುತುಗಳು ಬಹಳ ಇಲ್ಲ. ಕಾಯಿಲೆ ಒಯ್ದವರಿಗೆ ಆರಿದ ದೀಪ. ನೀರಿಗೆ ಸಿಕ್ಕವರಿಗೆ ಬೋರಲು ಬಿದ್ದ ಕೊಡ. ಕೂಸುಗಳಿಗೆ ಖಾಲಿ ತೊಟ್ಟಿಲು. ಮಾಳಿಗೆಯಿಂದಲೋ ಮರದಿಂದಲೋ ಬಿದ್ದವರಿಗೆ ಮೆಟ್ಟಿಲು ಮುರಿದ ಏಣಿ. ಪರಊರಿನಲ್ಲಿ ಸತ್ತು ಹೆಣವೂ ಬಾರದವರಿಗೆ ಒಂಟಿ ಚಪ್ಪಲಿ. ಇಷ್ಟೇ ತಾನೆ ಎಂದು ನೋಡಿದವರಿಗೆ ಅನ್ನಿಸಬಹುದು. ಆದರೆ ಕೊಡ ಎಂದರೆ ಯಾವುದೋ ಒಂದು ಕೊಡವಲ್ಲ. ಆ ಮನೆಯ ಕೊಡ, ಅದರ ತಗ್ಗು, ಅದರ ಸೊಟ್ಟ ಕಂಠ. ಬಸ್‌ಸ್ಟ್ಯಾಂಡಿನಲ್ಲಿ ಹೆಸರಿಲ್ಲದ ಮುದುಕನೊಬ್ಬ ಸತ್ತಾಗ ಏನು ಬರೆಯಬೇಕೆಂದು ತಿಳಿಯದೆ, ಅವನು ತಲೆದಿಂಬು ಮಾಡಿಕೊಂಡಿದ್ದ ಬಟ್ಟೆಗಂಟನ್ನೇ ಬರೆದೆ. ಟಿಕೆಟ್ ಕೊಡುವವನು ಕಿಟಕಿಯೊಳಗೆ ಕೂತೇ ಬಿಕ್ಕಿದ.

ಸುಳ್ಳು ಗುರುತಿಗೆ ಮಾತ್ರ ಕಣ್ಣು ಬಿಡುವುದಿಲ್ಲ. ಒಂದು ಮನೆಯವರು ಸೊಸೆ ಕಾಲು ಜಾರಿ ಬಾವಿಗೆ ಬಿದ್ದಳೆಂದು ಹೇಳಿ ಕೊಡ ಬರೆಸಿದ್ದರು. ಗುರುತು ಮುಗಿಯಿತು, ಬೀದಿಯಲ್ಲಿ ನಿಂತವರಲ್ಲಿ ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ಅನುಮಾನ ಬಂದರೆ ನಮ್ಮಲ್ಲಿ ಈರುಳ್ಳಿ ಹೆಚ್ಚಿ ನೋಡುತ್ತಾರೆ. ಅವತ್ತು ಬುಟ್ಟಿ ತುಂಬ ಈರುಳ್ಳಿ ಹೆಚ್ಚಿದರೂ ಯಾರಿಗೂ ನೀರು ಬರಲಿಲ್ಲ. ಆ ಮನೆಯ ಗಂಡಸರು ಸಂಜೆಯೊಳಗೆ ಊರು ಬಿಟ್ಟರು.

ಕಸ್ತೂರಿ ನನ್ನ ಒಬ್ಬಳೇ ಮಗಳು. ದುಂಡಪ್ಪ ಸಾವ್ಕಾರರ ಹತ್ತಿ ಗಿರಣಿಯಲ್ಲಿ ಕಸ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕುಂಚ ಹಿಡಿ ಎಂದರೆ ಮೂಗು ಮುರಿಯುತ್ತಿದ್ದಳು. "ಸತ್ತವರ ಮನಿ ಗ್ವಾಡಿ ಮುಂದ ನಿಂದ್ರೂದು ನನ್ನಿಂದ ಆಗೂದಿಲ್ಲವ್ವ. ನಾ ಜೀವಂತ ಮಂದಿ ನಡುವ ಇರ್ತೀನಿ" ಎನ್ನುತ್ತಿದ್ದಳು. ಅವಳು ನಕ್ಕರೆ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು. ಸಂಜೆ ಮನೆಗೆ ಬಂದಾಗ ತಲೆಯ ತುಂಬ ಅರಳೆ. ಚಂಪವ್ವ ಮೊಮ್ಮಗಳನ್ನು ಕಾಲ ನಡುವೆ ಕೂರಿಸಿಕೊಂಡು ಒಂದೊಂದೇ ಎಳೆ ಕೀಳುತ್ತಾ, "ಹಿಂಗ ಕೂಡಿಸಿಟ್ರ ನನಗೊಂದು ಗಾದಿ ಆಗ್ತದ" ಎಂದು ರೇಗಿಸುತ್ತಿದ್ದಳು.

ಗಿರಣಿಯ ಸುದ್ದಿಯನ್ನೆಲ್ಲ ಕಸ್ತೂರಿ ಊಟಕ್ಕೆ ಕೂತಾಗ ಹೇಳುತ್ತಿದ್ದಳು. ಸಾವ್ಕಾರರ ನಡಿಗೆ, ಕೆಮ್ಮು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. "ನಾವು ಸೀರಿ ಒಳಗ ಹತ್ತಿ ಕಟ್ಕೊಂಡು ಹೋಗ್ತೀವಂತ ಅವರಿಗೆ ಹೆದರಿಕಿ. ಹೊರಗಿಂದ ಕೀಲಿ ಹಾಕಿಸ್ತಾರ. ಸಂಜೀಗೆ ತಗದು, ಒಬ್ಬೊಬ್ಬರನ್ನ ನೋಡಿ ಬಿಡ್ತಾರ. ನಾವೇನು ಕುರಿ ಏನು?" ಎಂದಿದ್ದಳು ಒಮ್ಮೆ. ಬಾಗಿಲಿಗೆ ಬೀಗ ಹಾಕುತ್ತಿದ್ದ ಸಂಗತಿ ಹೀಗೆ ನನಗೆ ಗೊತ್ತು, ಬೇರೆಯವರು ಹೇಳಬೇಕಾಗಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಗಿರಣಿಗೆ ಬೆಂಕಿ ಬಿತ್ತು. ಹತ್ತಿಗೆ ಬಿದ್ದ ಬೆಂಕಿ, ನೋಡುನೋಡುತ್ತಿದ್ದಂತೆ ಮಾಡು ಕುಸಿಯಿತು. ಕೆಲಸದ ಹೆಂಗಸರೆಲ್ಲ ಕೆಮ್ಮುತ್ತಾ ಹೊರಬಂದಿದ್ದರು. ಕಸ್ತೂರಿ ಒಬ್ಬಳು ಬರಲಿಲ್ಲ. ಬೆಂಕಿ ಆರಿದ ಮೇಲೆ ಬಾಗಿಲಿನ ಒಳಬದಿಯಲ್ಲಿ, ಹೊಸ್ತಿಲಿನಿಂದ ಕೈಚಾಚುವಷ್ಟು ದೂರದಲ್ಲಿ ಸಿಕ್ಕಳು. ಆ ಜಾಗ ನೋಡಿದೊಡನೆ ನನಗೆ ಎಲ್ಲವೂ ಗೊತ್ತಾಯಿತು ಅನ್ನಿಸಿತು. ಬೀಗ ಹಾಕಿದ ಬಾಗಿಲನ್ನು ಬಡಿಯುತ್ತಾ ಬಡಿಯುತ್ತಾ ಸತ್ತಿದ್ದಾಳೆ. ಕಾವಲಿನವನು ಬಂದು ಬೀಗ ತೆಗೆದಾಗ ಗಟ್ಟಿ ಇದ್ದವರು ದಾಟಿಕೊಂಡಿದ್ದಾರೆ, ಅಷ್ಟರಲ್ಲಿ ಇವಳು ಬಿದ್ದಿದ್ದಾಳೆ.

ಮಣ್ಣು ಮಾಡಿ ಬಂದ ಮರುದಿನ ಸಾವ್ಕಾರರು ನಮ್ಮ ಮನೆಗೆ ಬಂದರು. ಜೊತೆಗೆ ಊರ ಹಿರಿಯರಾದ ಕಲ್ಲಯ್ಯಜ್ಜ. ಸಾವ್ಕಾರರ ಕಣ್ಣೂ ಕೆಂಡದಂತಾಗಿತ್ತು. ಕಸ್ತೂರಿಯನ್ನು ಅವರು ಕೂಸಿದ್ದಾಗಿನಿಂದ ಬಲ್ಲವರು, ಅವರ ಅಂಗಳದಲ್ಲಿ ಅಪ್ಪನ ಬಣ್ಣದ ಡಬ್ಬಿ ಹಿಡಿದು ಆಡಿದವಳು ಅವಳು.

"ಆದದ್ದು ಆಗಿ ಹೋತು ಸಾವಂತ್ರವ್ವ" ಎಂದರು ಸಾವ್ಕಾರರು. "ಎಲ್ಲಾರೂ ಹೊರಗ ಬಂದ್ರು, ಅಕಿಗಿ ಹೊಗಿ ಕುಡದು ತಲಿ ತಿರುಗಿತು. ಅಕಿ ಆಯುಷ್ಯ ಅಷ್ಟ ಇತ್ತು ಅಂತ ತಿಳ್ಕೊ. ದೀಪ ಬರದು ಬಿಡು."

"ಬಾಗಲಕ್ಕ ಕೀಲಿ ಹಾಕಿದ್ರಲ್ರಿ?"

"ಯಾರು ಹೇಳಿದ್ರು? ನನ್ನ ಗಿರಣಿ ಬಾಗಲಕ್ಕ ಎಂದೂ ಕೀಲಿ ಬಿದ್ದಿಲ್ಲ. ಬೇಕಾದ್ರ ಆ ಹೆಣ್ಮಕ್ಕಳನ್ನ ಕೇಳು."

"ಆಯುಷ್ಯ ಮುಗದ್ರ ದೀಪ ಬರೀತೀನ್ರಿ ಸಾವ್ಕಾರ್ರ. ಆಯುಷ್ಯ ಕಸಗೊಂಡ್ರ ಏನು ಬರೀಬೇಕು?"

ಸಾವ್ಕಾರರು ಕಲ್ಲಯ್ಯಜ್ಜನ ಮುಖ ನೋಡಿದರು. ಕಲ್ಲಯ್ಯಜ್ಜ ನೆಲ ನೋಡಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹೆಣ್ಣುಮಕ್ಕಳನ್ನು ಕೇಳಲೂ ಕೇಳಿದೆ. ಎಲ್ಲರೂ ಒಂದೇ ಪಾಠ ಒಪ್ಪಿಸಿದರು. "ಬಾಗಲಾ ತಗದ ಇತ್ರಿ." ನನ್ನ ಕಣ್ಣು ನೋಡಿ ಹೇಳಿದವಳು ಒಬ್ಬಳೂ ಇಲ್ಲ. ಕಸ್ತೂರಿಯ ಜೀವದ ಗೆಳತಿ ಮಾಬೂಬಿಯಂತೂ ಸಿಗಲೇ ಇಲ್ಲ. ಹೋದಾಗಲೆಲ್ಲ ಅವಳ ತಾಯಿ ಬಾಗಿಲಲ್ಲೇ ತಡೆದು, "ಅಕಿಗಿ ಜ್ವರ ಬಂದಾವ" ಎನ್ನುತ್ತಿದ್ದಳು.

ನಾನು ಗೋಡೆಗೆ ಸುಣ್ಣ ಹೊಡೆದು ಸುಮ್ಮನೆ ಕೂತೆ. ಈ ಸಾವಿಗೆ ನಮ್ಮ ಮಾವನ ಕಾಲದಿಂದ ಬಂದ ಗುರುತುಗಳಲ್ಲಿ ಒಂದೂ ಒಪ್ಪುತ್ತಿರಲಿಲ್ಲ. ಒಪ್ಪದ ಗುರುತನ್ನು ನನ್ನ ಮಗಳಿಗೆ ನಾನು ಬರೆಯುವವಳಲ್ಲ. ಊರಿನವರು ಬೇಕಾದರೆ ಕಣ್ಣು ಕಿತ್ತಿಟ್ಟುಕೊಳ್ಳಲಿ.

ಊರಿನವರ ಪಾಡು ನಿಜಕ್ಕೂ ಹೇಳತೀರದಾಯಿತು. ಕಸ್ತೂರಿಯನ್ನು ಅರಿಯದವರೇ ಇರಲಿಲ್ಲವಲ್ಲ. ಶಾಲೆಯ ಮಾಸ್ತರರು ಕಣ್ಣುರಿಗೆ ಪಾಠ ಓದಲಾರದೆ ಮಕ್ಕಳ ಕೈಯಲ್ಲೇ ಓದಿಸಿದರು. ಕಾಂಪೌಂಡರನ ಹತ್ತಿರ ಕಣ್ಣಿಗೆ ಹಾಕುವ ಔಷಧಿ ತೀರಿಹೋಯಿತು. ಗಾಣದವರ ಮನೆಯ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹುಡುಗಿ ಒಂದು ಹನಿ ಅಳಲಿಲ್ಲ, ಅವಳ ತಾಯಿಯೂ ಅಳಲಿಲ್ಲ. ಗಂಡಿನ ಕಡೆಯವರು ಪರಊರಿನವರು, ಅವರಿಗೇನು ಗೊತ್ತು? "ಎಂಥಾ ಕಲ್ಲಿನಂಥ ಮಂದಿ" ಎಂದು ಅಂದುಕೊಂಡು ಹೋದರು. ಆ ತಾಯಿ ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದು, "ಏನರ ಒಂದು ಬರದು ಬಿಡಬೇ ಸಾವಂತ್ರಿ" ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೂ ಆಗುವುದಿಲ್ಲ ಎಂದೆ.

ನನ್ನನ್ನು ಅಲುಗಿಸಿದ್ದು ಚಂಪವ್ವ. ಅವಳಿಗೆ ಎಂಬತ್ತು ದಾಟಿತ್ತು. ಹಗಲೆಲ್ಲ ಬರಿಯ ಗೋಡೆಯ ಎದುರಿಗೆ ಕಟ್ಟೆಯ ಮೇಲೆ ಕೂತು ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತಿದ್ದಳು. ಒಂದು ದಿನ ಬಟ್ಟೆ ತೆಗೆದು ನನ್ನನ್ನು ಕರೆದಳು.

"ಸಾವಂತ್ರಿ, ನಾ ಹೆಚ್ಚು ದಿನ ಇರಾಕಿ ಅಲ್ಲ. ಅತ್ತು ಸಾಯ್ಬೇಕಂತ ಮಾಡೀನಿ. ಅಳಲಾರದ ಸತ್ರ ಅಲ್ಲಿ ಅಕಿ ನನ್ನ ಮಾರಿ ನೋಡಿ ಏನಂದಾಳು? ಆಯಿಗಿ ಒಂದು ಹನಿ ನೀರೂ ಬರಲಿಲ್ಲೇನು ಅಂದಾಳು."

"ಸುಳ್ಳು ಬರದ್ರ ಹೆಂಗೂ ಅಳು ಬರೂದಿಲ್ಲತ್ತಿ."

"ಖರೇನ ಬರಿ. ಆದ್ರ ಲಗೂ ಬರಿ."

ಅಷ್ಟರಲ್ಲಿ ಸಾವ್ಕಾರರು ತಾವೇ ಒಂದು ದಾರಿ ಹುಡುಕಿದರು. ಪಟ್ಟಣದಿಂದ ಒಬ್ಬ ಕಲಾವಿದನನ್ನು ಕರೆಸಿದರು. ಆತ ಕೋಟು ಹಾಕಿಕೊಂಡು ಬಂದ, ಟ್ಯೂಬಿನಲ್ಲಿದ್ದ ಬಣ್ಣ ಹಿಂಡಿಕೊಂಡ, ನಮ್ಮ ಗೋಡೆಯ ಮೇಲೆ ದೀಪ ಬರೆಯಲು ನಿಂತ. ನಾನು ತಡೆಯಲಿಲ್ಲ. ಬರೆದು ನೋಡಲಿ, ಇವರಿಗೂ ಬುದ್ಧಿ ಬರಲಿ ಎಂದು ಕೈಕಟ್ಟಿ ನಿಂತೆ. ಹೊಟ್ಟೆಕಿಚ್ಚು ಬಿಟ್ಟು ಹೇಳುತ್ತೇನೆ, ಅಂಥ ದೀಪವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಿತ್ತಾಳೆಯ ಹೊಳಪು, ಬತ್ತಿಯ ತುದಿಯ ಕಪ್ಪು, ಮೇಲೇಳುವ ಹೊಗೆಯ ಎಳೆ, ಎಲ್ಲ ಮುಟ್ಟಿದರೆ ಕೈಗೆ ಸಿಗುವಂತಿತ್ತು. ಬೀದಿಯ ಜನ ಆಹಾ ಎಂದರು. ಆಹಾ ಎಂದು, ಸೆರಗು ಕಣ್ಣಿನ ಹತ್ತಿರ ಹಿಡಿದುಕೊಂಡು ಕಾದರು. ಯಾರಿಗೂ ಏನೂ ಬರಲಿಲ್ಲ. ಒಬ್ಬ ಮುದುಕ ಬಲವಂತಕ್ಕೆ ಮೂಗು ಏರಿಸಿ ನೋಡಿದ. ಯಾರೋ ಈರುಳ್ಳಿ ತಂದರು. ಕೋಟಿನವನಿಗೆ ಮಾತ್ರ ಈರುಳ್ಳಿಗೆ ಧಾರಾಕಾರ ನೀರು ಸುರಿಯಿತು. ಅವನು ಕಸ್ತೂರಿಯನ್ನು ಬಲ್ಲವನಲ್ಲವಲ್ಲ.

ದೀಪ ಸುಳ್ಳೆಂದು ಊರಿಗೆಲ್ಲ ಗೊತ್ತಾಯಿತು. ಮರುದಿನವೇ ನಾನು ಅದರ ಮೇಲೆ ಸುಣ್ಣ ಎಳೆದೆ. ಏನು ಬರೆಯಬೇಕೆಂಬುದು ಆ ಹೊತ್ತಿಗೆ ನನಗೆ ಸ್ಪಷ್ಟವಾಗಿತ್ತು. ಯಾರೂ ಹಿಂದೆ ಬರೆಯದ ಗುರುತು, ಆದರೂ ಬರೆಯುತ್ತೇನೆ. ಸುಣ್ಣ ಆರುತ್ತಿದ್ದಂತೆ ಜನ ಸೇರಿದರು. ಸಾವ್ಕಾರರೂ ಬಂದರು. ಕಾಡಿಗೆಗೆ ಗೋಂದು ಕಲಸಿ, ನನ್ನ ಮೊಳಕೈ ಉದ್ದದ ಒಂದು ಬೀಗ ಬರೆದೆ. ದಪ್ಪ ಹೊಟ್ಟೆಯ, ಕೊಂಡಿ ಬಿಗಿಯಾಗಿ ಮುಚ್ಚಿದ ಕರೀ ಬೀಗ. ಒಂದೊಂದು ಗೆರೆಗೂ ನನ್ನ ಸಿಟ್ಟನ್ನೆಲ್ಲ ಹಾಕಿದೆ. ಈಗ ನೋಡಿ, ಈಗ ಊರಿಗೆ ಊರೇ ಅಳುತ್ತದೆ, ಸಾವ್ಕಾರರು ಸಂಜೆಯೊಳಗೆ ಗಂಟುಮೂಟೆ ಕಟ್ಟುತ್ತಾರೆ ಎಂದುಕೊಂಡು ಕೊನೆಯ ಗೆರೆ ಎಳೆದು ತಿರುಗಿದೆ.

ಯಾರೂ ಅಳುತ್ತಿರಲಿಲ್ಲ.

ಚಂಪವ್ವ ಕಣ್ಣನ್ನು ಹಿಗ್ಗಿಸಿ ಹಿಗ್ಗಿಸಿ ಗೋಡೆ ನೋಡುತ್ತಿದ್ದಳು. ಗಿರಣಿಯ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೇ ಈರುಳ್ಳಿ ತಂದು ಹಲ್ಲಿನಿಂದ ಕಚ್ಚಿ ಕಣ್ಣಿನ ಹತ್ತಿರ ಹಿಡಿದೆ. ಉರಿ ಏರಿತೇ ಹೊರತು ನೀರು ಬರಲಿಲ್ಲ.

ಸಾವ್ಕಾರರು ಗಂಟಲು ಸರಿ ಮಾಡಿಕೊಂಡರು. "ನೋಡಿದ್ರೇನಪಾ ಎಲ್ಲಾರೂ? ಕೀಲಿ ಇತ್ತು, ಕೀಲಿ ಇತ್ತು ಅಂತ ನನ್ನ ಮ್ಯಾಲ ಹೊರಸಾಕತ್ತಿದ್ಲು. ಕೀಲಿ ಸುಳ್ಳು ಅಂತ ಅಕಿ ಗ್ವಾಡಿನ ಹೇಳ್ತು."

ಕಲ್ಲಯ್ಯಜ್ಜ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಸಾವಂತ್ರಿ, ಸುಳ್ಳು ಗುರುತು ಬೀದಿಗೆ ಇರಬಾರದು. ಇದನ್ನ ಅಳಿಸು."

"ಅಳಸೂದಿಲ್ರಿ ಅಜ್ಜಾರ."

"ಹಂಗಾದ್ರ ನಾಳಿ ಮುಂಜಾನೆ ಸುಣ್ಣ ತಗೊಂಡು ನಾವ ಬರ್ತೀವಿ. ಕುಂಚಾನೂ ಬ್ಯಾರೇದವರ ಕೈಗೆ ಕೊಡಬೇಕಾಗ್ತದ."

ಜನ ಚೆದುರಿದರು. ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ. ಬಾಗಿಲಿಗೆ ಬೀಗ ಇತ್ತು, ಇದು ನನ್ನ ಮಗಳು ತನ್ನ ಬಾಯಿಂದ ಹೇಳಿದ್ದು. ಆದರೂ ಬೀಗ ಸುಳ್ಳಾಗಿದೆ. ಎರಡೂ ನಿಜವಾಗಬೇಕಾದರೆ ನನಗೆ ಗೊತ್ತಿಲ್ಲದ್ದು ಇನ್ನೇನೋ ಇದೆ. ಅದು ಗೊತ್ತಿರುವವರು ಆ ಬಾಗಿಲಿನಿಂದ ಹೊರಬಂದವರೇ. ಇವತ್ತು ಮಾಬೂಬಿಗೆ ಜ್ವರ ಇರಲಿ, ಸನ್ನಿಯೇ ಇರಲಿ, ಮಾತಾಡದೆ ಬಿಡುವುದಿಲ್ಲ ಎಂದು ಸೆರಗು ಬಿಗಿದುಕೊಂಡು ಎದ್ದೆ.

ಮುಂಬಾಗಿಲಿಗೆ ಹೋಗಲಿಲ್ಲ, ಹಿತ್ತಿಲಿಗೆ ಹೋದೆ. ಅಲ್ಲಿ ಮಾಬೂಬಿ ಒರಳಿನ ಮುಂದೆ ನಿಂತು ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಕುಟ್ಟಿ ಪುಡಿಯಾದದ್ದನ್ನೇ ಮತ್ತೆ ಕುಟ್ಟುತ್ತಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡಿರಲಿಲ್ಲ. ಮುಖ ಊದಿ, ಕಣ್ಣು ಅರ್ಧ ಮುಚ್ಚಿಹೋಗಿತ್ತು. ಅಳು ಬರಲಿ ಎಂದು ಹಾಗೆ ಮಾಡುತ್ತಿದ್ದಾಳೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ನನ್ನನ್ನು ಕಂಡು ಒನಕೆ ಬಿಟ್ಟಳು.

"ಕೀಲಿ ಬರದೆ, ಅಳು ಬರಲಿಲ್ಲ" ಎಂದೆ. "ಯಾಕ ಬರಲಿಲ್ಲ ಹೇಳು."

"ಚಿಗವ್ವಾ, ನನ್ನ ಕೇಳಬ್ಯಾಡ್ರಿ."

"ನಿನ್ನ ಬಿಟ್ಟು ಯಾರನ್ನ ಕೇಳ್ಲಿ? ಒಂದ ಡಬ್ಬಿ ಬಿಚ್ಚಿ ಇಬ್ಬರೂ ಉಂಡವರು ನೀವು. ಕೀಲಿ ಇತ್ತೋ ಇಲ್ಲೋ?"

"ಇತ್ತು."

"ಮತ್ತ?"

ಅವಳು ಒರಳಿನ ಪಕ್ಕದಲ್ಲಿ ಕುಸಿದು ಕೂತಳು. "ಅಕಿ ಒಳಗ ಇದ್ದಿಲ್ರಿ."

ನನಗೆ ಅರ್ಥವಾಗಲಿಲ್ಲ. ಅವಳೇ ಮುಂದುವರಿಸಿದಳು. "ಅವತ್ತು ಕುಡಿಯೂ ನೀರು ತರೂ ಪಾಳಿ ಕಸ್ತೂರೀದು. ಕೊಡ ತಗೊಂಡು ಹೊರಗ ಹೋಗಿದ್ಲು. ಕಾವಲಿನಂವ ಅಕಿ ಹಿಂದ ಮತ್ತ ಕೀಲಿ ಹಾಕಿ ಉಣ್ಣಾಕ ಮನೀಗೆ ಹೋದ. ಆಮ್ಯಾಲ ಬೆಂಕಿ ಹತ್ತಿತು. ನಾವು ಬಾಗಲಾ ಬಡದ ಬಡದ್ವಿ. ಹೊರಗ ಯಾರೂ ಇಲ್ಲಂತ ತಿಳದಿದ್ವಿ. ಒಮ್ಮಿಂದೊಮ್ಮೆಲೇ ಹೊರಗಿಂದ ದಬದಬ ಸಪ್ಪಳ ಕೇಳಿಸ್ತು. ಅಕಿ ಬಂದು ಗುಂಡುಕಲ್ಲಿಲೆ ಕೀಲಿ ಜಜ್ಜಾಕತ್ತಿದ್ಲು. 'ಸರೀರಿ, ತಗೀತೀನಿ, ತಗೀತೀನಿ' ಅಂತ ಒದರ್ತಿದ್ಲು. ಕೀಲಿ ಬಿಚ್ಚಿತು. ನಾವೆಲ್ಲಾ ಒಬ್ಬರ ಮ್ಯಾಲ ಒಬ್ಬರು ಬಿದ್ದು ಹೊರಗ ಬಂದ್ವಿ."

"ಅಕಿ ಹೊರಗ ಇದ್ಲು ಅಂತೀಯೇನು?"

"ಹೊರಗ ಇದ್ಲು."

"ಹಂಗಾದ್ರ ಒಳಗ ಹೆಂಗ ಹೋದ್ಲು?"

ಮಾಬೂಬಿ ತಲೆ ತಗ್ಗಿಸಿದಳು. ನಾನು ಅವಳ ಗದ್ದ ಹಿಡಿದು ಮುಖ ಎತ್ತಿದೆ.

"ನಾ ಎಲ್ಲಾರಕಿಂತ ಮೊದಲ ಓಡಿ ಬಂದಿದ್ದೆ ಚಿಗವ್ವಾ. ಬೇವಿನ ಗಿಡದ ಹಿಂದ ಹೋಗಿ ಬಿದ್ದು ಕೆಮ್ಮಾಕತ್ತಿದ್ದೆ. ಅಕಿ ಬಾಗಲದಾಗ ನಿಂತು ಬಂದವರ ಮಾರಿ ನೋಡಾಕತ್ತಿದ್ಲು. 'ಮಾಬೂಬಿ ಎಲ್ಲಿ, ಮಾಬೂಬಿ' ಅಂತ ಕೂಗಿದ್ಲು. ನನಗ ಕೇಳಿಸ್ತು. ಓ ಅನ್ನಬೇಕಂದ್ರ ದನಿನ ಹೊರಡಲಿಲ್ಲ, ಗಂಟಲ ಕಟ್ಟಿತ್ತು. ಕೈ ಎತ್ತಿದೆ, ಅಕಿಗಿ ಕಾಣಲಿಲ್ಲ. ನಾ ಒಳಗ ಉಳದೀನಿ ಅಂತ ತಿಳದು..." ಅವಳ ಬಾಯಿ ತೆರೆದೇ ಇತ್ತು.

ಅವಳ ಜಡೆ ಹಿಡಿದು ನೆಲಕ್ಕೆ ಬಡಿಯಬೇಕೆನ್ನಿಸಿತು ನನಗೆ. ಸುಳ್ಳು ಯಾಕೆ ಹೇಳಲಿ? ನನ್ನ ಮಗಳು ಇಲ್ಲದವಳೊಬ್ಬಳನ್ನು ಹುಡುಕಿಕೊಂಡು ಬೆಂಕಿಗೆ ಹೋಗಿದ್ದಾಳೆ, ಆ ಇಲ್ಲದವಳು ನನ್ನೆದುರಿಗೆ ಮೆಣಸಿನಪುಡಿ ಮೆತ್ತಿಕೊಂಡು ಜೀವಂತ ಕೂತಿದ್ದಾಳೆ. ನನ್ನ ಕೈ ತಾನಾಗಿ ಎದ್ದಿತು. ಆ ಹುಡುಗಿ ಹೊಡೆತಕ್ಕೆ ಮುಖ ಮುಂದೆ ಮಾಡಿದಳು. ಅದನ್ನು ನೋಡಿ ಕೈ ಇಳಿಯಿತು.

"ಇಷ್ಟು ದಿನ ಯಾಕ ಬಾಯಿ ಬಿಡಲಿಲ್ಲ?"

"ಕೀಲಿ ಇದ್ದಿಲ್ಲಂತ ಹೇಳ್ರಿ ಅಂದ್ರು ಸಾವ್ಕಾರ್ರು. ಇಲ್ಲಂದ್ರ ಗಿರಣಿ ಮತ್ತ ಕಟ್ಟಿದ ಮ್ಯಾಲ ಕೆಲಸಕ್ಕ ಬರಬ್ಯಾಡ್ರಿ ಅಂದ್ರು. ಎಲ್ಲಾರೂ ಹೂಂ ಅಂದ್ವಿ. ಕೀಲಿನ ಇಲ್ಲಂದ ಮ್ಯಾಲ ಕೀಲಿ ಒಡದಾಕಿ ಎಲ್ಲಿಂದ ಬರಬೇಕ್ರಿ? ಮತ್ತ..." ಅವಳು ನನ್ನ ಕಾಲು ಹಿಡಿದುಕೊಂಡಳು. "ಅಷ್ಟು ಹೇಳಿದ್ರ ಅಕಿ ನನ್ನ ಸಲುವಾಗಿ ಸತ್ಲು ಅಂತನೂ ಹೇಳಬೇಕಿತ್ತಲ್ರಿ. ನಿಮ್ಮ ಮುಂದ ನಾ ಅದನ್ನ ಹೆಂಗ ಹೇಳ್ಲಿ?"

ನಾನೂ ಒರಳಿನ ಪಕ್ಕದಲ್ಲಿ ಕೂತೆ. ಇಬ್ಬರಿಗೂ ಅಳು ಬರಲಿಲ್ಲ. ಎದ್ದು ಹೊರಡುವಾಗ ನಾನು ಹೇಳಿದೆ, "ನಾಳಿ ಮುಂಜಾನೆ ಗ್ವಾಡಿ ಹತ್ರ ಬಾ. ಕೀಲಿ ಹೆಂಗ ಬಿಚ್ಚಿತ್ತು ಅಂತ ನನಗ ತೋರಸಬೇಕು. ನಾ ನೋಡಿಲ್ಲ, ನೋಡಿದಾಕಿ ನೀನ."

ಬೆಳಿಗ್ಗೆ ಕಲ್ಲಯ್ಯಜ್ಜ ಸುಣ್ಣದ ಬಕೀಟು ಹೊರಿಸಿಕೊಂಡು ಬಂದರು. ಹಿಂದೆ ಸಾವ್ಕಾರರು, ಅವರ ಹಿಂದೆ ಬೀದಿಯ ಜನ. ನಾನು ಆಗಲೇ ಗೋಡೆಯ ಮುಂದೆ ನಿಂತಿದ್ದೆ.

"ಸುಣ್ಣ ತಂದದ್ದು ಚಲೋ ಆತ್ರಿ ಅಜ್ಜಾರ. ನನಗೂ ಒಂಚೂರು ಬೇಕಾಗಿತ್ತು" ಎಂದೆ. ಅವರ ಬಕೀಟಿನಲ್ಲೇ ಬಟ್ಟೆ ಅದ್ದಿ, ಬೀಗದ ಮುಚ್ಚಿದ ಕೊಂಡಿಯನ್ನು ಮಾತ್ರ ಅಳಿಸಿದೆ. ಬೀಗದ ಹೊಟ್ಟೆ ಹಾಗೇ ಉಳಿಯ ಬಿಟ್ಟೆ. ಸಾವ್ಕಾರರು, "ಪೂರಾ ಅಳಸು" ಎಂದರು. ನಾನು ತಿರುಗಿ ನೋಡಲಿಲ್ಲ.

ಮಾಬೂಬಿ ಜನರ ನಡುವಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳ ತಾಯಿ ಹಿಂದಿನಿಂದ ಸೆರಗು ಹಿಡಿದು ಎಳೆಯುತ್ತಿದ್ದಳು. ಮಾಬೂಬಿ ಬಿಡಿಸಿಕೊಂಡು ಗೋಡೆಗೆ ಬೆರಳು ಇಟ್ಟಳು. "ಇಲ್ಲಿ ಕಲ್ಲು ಬಡದಿತ್ರಿ. ಇಲ್ಲೂ ಒಂದು. ಇಲ್ಲಿ ತಗ್ಗು ಬಿದ್ದಿತ್ತು." ಅವಳು ತೋರಿಸಿದಲ್ಲೆಲ್ಲ ಬೀಗದ ಹೊಟ್ಟೆಗೆ ತಗ್ಗು ಬರೆದೆ. ಗಿರಣಿಯ ಹೆಣ್ಣುಮಕ್ಕಳಲ್ಲಿ ಇನ್ನೊಬ್ಬಳು ಮುಂದೆ ಬಂದಳು. "ಬಡದದ್ದು ಮೂಲಿಗೂ ಹತ್ತಿತ್ರಿ" ಎಂದಳು. ಮತ್ತೊಬ್ಬಳು ಬಂದಳು. ಆಮೇಲೆ ಎಲ್ಲರೂ ಬಂದು ಗೋಡೆಯ ಮುಂದೆ ಗುಂಪಾದರು. ಯಾರೂ ಸಾವ್ಕಾರರ ಕಡೆ ನೋಡಲಿಲ್ಲ.

"ಕೊಂಡಿ?" ಎಂದೆ.

"ಒಂದು ಕಡೆ ಕಿತ್ತು ಮ್ಯಾಲ ಎದ್ದಿತ್ತು" ಎಂದಳು ಮಾಬೂಬಿ. ನಾನು ಬೆರಳಿನಿಂದ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದೆ. " ಇನ್ನಷ್ಟು ಬಗ್ಗಿಸ್ರಿ. ಹಾಂ, ಹಂಗ."

ಕುಂಚ ತುಂಬ ಕಾಡಿಗೆ ತೆಗೆದುಕೊಂಡು, ಕೊಂಡಿಯನ್ನು ಒಂದೇ ಎಳೆತಕ್ಕೆ ಮೇಲಕ್ಕೆ ಎತ್ತಿದೆ. ಬೀಗ ತೆರೆಯಿತು.

ಮೊದಲು ಅತ್ತದ್ದು ಚಂಪವ್ವ. ಕಟ್ಟೆಯ ಮೇಲಿನಿಂದ "ಯವ್ವಾ ನನ್ನ ಕೂಸ" ಎಂದ ದನಿ ಬೀದಿಯನ್ನೆಲ್ಲ ತುಂಬಿತು. ಮಾಬೂಬಿ ಗೋಡೆಗೆ ಹಣೆ ಹಚ್ಚಿ ಅತ್ತಳು. ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಮಾಸ್ತರರು, ಕಾಂಪೌಂಡರ್, ಗಾಣದವರ ಹೆಂಗಸು, ಮನೆಯೊಳಗಿದ್ದವರು, ಮಾಳಿಗೆಯ ಮೇಲಿದ್ದವರು, ಎಲ್ಲರೂ ಅತ್ತರು. ಸಾವ್ಕಾರರ ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು. ಹೆಗಲ ಮೇಲಿನ ವಲ್ಲಿಯಿಂದ ಒರೆಸಿಕೊಂಡಷ್ಟೂ ಇಳಿಯಿತು. ಬೀಗವೇ ಇರಲಿಲ್ಲ ಎಂದವರು ಬೀಗ ನೋಡಿ ಅಳುತ್ತಿದ್ದರು. ಅವರ ಅಕ್ಕಪಕ್ಕದಲ್ಲಿದ್ದವರು ಒಬ್ಬೊಬ್ಬರೇ ದೂರ ಸರಿದರು. ಕೊನೆಗೆ ಕಲ್ಲಯ್ಯಜ್ಜನೂ ಸರಿದರು.

ನನಗೊಬ್ಬಳಿಗೆ ಬರಲಿಲ್ಲ. ನಾನು ಕುಂಚ ಹಿಡಿದು ಆ ಬೀಗವನ್ನೇ ನೋಡುತ್ತಾ ನಿಂತಿದ್ದೆ. ಮುಚ್ಚಿದ ಬೀಗವನ್ನು ನೋಡುವುದು ನನಗೆ ಸುಲಭವಿತ್ತು. ಸಾವ್ಕಾರರನ್ನು ಶಪಿಸಿದರೆ ಮುಗಿಯುತ್ತಿತ್ತು. ಈ ಬೀಗ ತೆರೆದಿತ್ತು. ಅದರ ಈಚೆಗೆ ಗಾಳಿ, ಬಿಸಿಲು, ನೀರು ತುಂಬಿದ ಕೊಡ, ಮನೆಗೆ ಬರುವ ಹಾದಿ. ಅವಳು ಈಚೆಗೆ ನಿಂತಿದ್ದಳು. ಕಲ್ಲು ಇನ್ನೂ ಕೈಯಲ್ಲೇ ಇತ್ತೇನೋ. ನಾಲ್ಕು ಹೆಜ್ಜೆ ಹಿಂದೆ ಬಂದಿದ್ದರೆ ಸಾಕಿತ್ತು. ಅವತ್ತೂ ತಲೆಯ ತುಂಬ ಅರಳೆ ಮೆತ್ತಿಕೊಂಡು ಬಂದು ಊಟಕ್ಕೆ ಕೂರುತ್ತಿದ್ದಳು.

"ಹೊರಗಿದ್ದೆಲ್ಲೇ ನೀ!" ಎಂದು ಗೋಡೆಗೆ ಕೂಗಿದೆ. "ಹೊರಗ ಇದ್ದೆಲ್ಲೇ ನನ್ನವ್ವಾ! ಯಾಕ ಹೋದಿ? ಒಳಗ ಯಾಕ ಹೋದೀಯೇ?"

ಆಗ ಬಂತು. ಮಂಡಿಯೂರಿ ಕೂತು, ಅಂಗೈಯಿಂದ ನೆಲ ಬಡಿದು, ಎದೆಯಲ್ಲಿದ್ದದ್ದೆಲ್ಲ ಬರಿದಾಗುವ ತನಕ ಅತ್ತೆ. ಅವಳ ಮೇಲಿನ ಸಿಟ್ಟು ಹೋಗಲಿಲ್ಲ, ಈಗಲೂ ಹೋಗಿಲ್ಲ. ಅಂಥವಳನ್ನು ಹೆತ್ತೆನೆಂಬ ಹೆಮ್ಮೆಯೂ ಆ ಸಿಟ್ಟಿನ ಪಕ್ಕದಲ್ಲೇ ಇದೆ, ಎರಡೂ ಒಂದನ್ನೊಂದು ಬಿಡುವುದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಎದ್ದೆ. ಕಣ್ಣಿನಿಂದ ಇನ್ನೂ ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ಕಾಡಿಗೆಯ ಡಬ್ಬಿಯಲ್ಲಿ ಕುಂಚ ಅದ್ದಿ ನೋಡಿದೆ, ಬಣ್ಣ ಸಾಕಷ್ಟಿತ್ತು. ಮಾಬೂಬಿ ಕೇಳದೆಯೇ ಡಬ್ಬಿ ಎತ್ತಿಕೊಂಡಳು.

"ಎಲ್ಲಿಗೆ ಸಾವಂತ್ರಿ?" ಎಂದು ಕಲ್ಲಯ್ಯಜ್ಜ ಮೂಗು ಒರೆಸಿಕೊಳ್ಳುತ್ತಾ ಕೇಳಿದರು.

"ಗಿರಣಿಗೆ ಹೊಸ ಬಾಗಲಾ ಕೂಡಿಸ್ಯಾರಂತಲ್ರಿ" ಎಂದೆ. "ಅದರ ಮ್ಯಾಲೂ ಬರೀಬೇಕು."